ಎಣಿಸದೆ ನಂಬದವರು

ಅರಸೀಕೆರೆಯ ನನ್ನ ಕೊಬ್ಬರಿ ಮಂಡಿಗೆ ಬರುತ್ತಿದ್ದ ಕಂಪ್ಯೂಟರ್ ರಿಪೇರಿಯವರು ಪರದೆಯ ಮೇಲೆ ಬರೆದದ್ದನ್ನು ನಂಬುತ್ತಿರಲಿಲ್ಲ. “ಅದು ಅಂಗಡಿ ಬೋರ್ಡು ಕಣ್ರೀ, ಎಣಿಸಿ ನೋಡಣ,” ಎನ್ನುತ್ತ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತಿದ್ದರು. ಕಂಪ್ಯೂಟರಿನ ಸೆಕೆಂಡನ್ನೂ ಅವರು ನಂಬುತ್ತಿರಲಿಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನೊಳಗೆ ಕೂರುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮೊಂದನ್ನು ತಾವೇ ಬರೆದುಕೊಂಡಿದ್ದರು. ಅದು ಪ್ರೊಸೆಸರಿನೊಳಗಿನ ಕೌಂಟರನ್ನು ಓದಿ, ಸೆಕೆಂಡಿಗೆ ಚಿಪ್ಪು ನಿಜಕ್ಕೂ ಎಷ್ಟು ಸಲ ಮಿಡಿಯುತ್ತಿದೆ ಎಂದು ತೋರಿಸುತ್ತಿತ್ತು.

ಅವತ್ತು ಪರದೆ ಎರಡು ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಇನ್ನೂರು ಕೋಟಿ ಮಿಡಿತ, ಅನ್ನುತ್ತಿತ್ತು. ಅವರ ಎಣಿಕೆ ಒಂದು ಗಿಗಾಹರ್ಟ್ಸನ್ನೂ ಮುಟ್ಟಲಿಲ್ಲ. ಮೂರು ಸಲ ಎಣಿಸಿದರು. ಡಬ್ಬದ ಮುಚ್ಚಳ ಬಿಚ್ಚಿದಾಗ ನಾನು ಬೆಚ್ಚಿಬಿದ್ದೆ. ಫ್ಯಾನಿಗೆ ತೆಂಗಿನ ನಾರಿನ ಧೂಳು ಕಂಬಳಿಯಂತೆ ಮೆತ್ತಿಕೊಂಡಿತ್ತು.

“ಕಾವು ತಡೀದೆ ಚಿಪ್ಪು ತಾನೇ ನಿಧಾನ ಆಗೈತೆ ಸಾವ್ಕಾರ್ರೇ. ಯಾವಾಗಿಂದ ಹಿಂಗೆ?”

“ಯುಗಾದಿಯಿಂದ್ಲೂ ಕೆಲಸ ತಡ ಆಗ್ತಿತ್ತು,” ಎಂದೆ.

ಬ್ರಷ್ಷಿನಿಂದ ಧೂಳು ಕೆಡವಿ ಮತ್ತೆ ಎಣಿಸಿದರು. ಪೂರ್ತಿ ಎರಡು ಬಂತು. ಗಡಿಯಾರ ಕಟ್ಟಿಕೊಳ್ಳುತ್ತ ಖಾಲಿ ಕುರ್ಚಿಯ ಕಡೆ ನೋಡಿದರು.

“ಟೈಪ್ ಮಾಡೋ ಹುಡುಗಿ ಇವತ್ತು ರಜನಾ?”

ಕೈ ನಿಧಾನ ಎಂದು ಹಿಂದಿನ ದಿನವಷ್ಟೇ ಅವಳನ್ನು ಕೆಲಸದಿಂದ ಬಿಡಿಸಿದವನು ನಾನು.