ಬೇಯದೆ ಉಳಿದದ್ದು

ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಹಲ್ಲಿನ ಸೆಟ್ ಮಾಡುತ್ತಿದ್ದ ಹೆಂಗಸನ್ನು ಬೀದಿಯವರೆಲ್ಲ ಹಲ್ಲಮ್ಮ ಎಂದೇ ಕರೆಯುತ್ತಿದ್ದರು. ಅವಳಿಗೂ ಅದು ಒಗ್ಗಿಹೋಗಿತ್ತು. ಮುಂದಿನ ಬಾಗಿಲಿನಿಂದ ಬೊಚ್ಚುಬಾಯಲ್ಲಿ ಬಂದವರು ವಾರ ಕಳೆದು ನಗುತ್ತಾ ಹೋಗುವುದನ್ನು ಪರದೆಯ ಸಂದಿಯಿಂದ ನೋಡುವುದೆಂದರೆ ಅವಳಿಗೆ ಇಷ್ಟ.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ಅಕ್ಕ, ಇಬ್ಬರೇ. ತಾಯಿ ತೀರಿಕೊಂಡಾಗ ಹಲ್ಲಮ್ಮನಿಗೆ ಒಂಬತ್ತು, ಅಕ್ಕನಿಗೆ ಹತ್ತೊಂಬತ್ತು. ಅಕ್ಕ ಗಣಿತದ ಟೀಚರಾಗಿ, ಮದುವೆಯ ಮಾತನ್ನೇ ಎತ್ತದೆ ತಂಗಿಯನ್ನು ಸಾಕಿದಳು, ಓದಿಸಿದಳು. ತಂಗಿಯ ಗಂಡ ಎರಡೇ ವರ್ಷಕ್ಕೆ ಬಿಟ್ಟುಹೋದಾಗ ಒಂದು ಮಾತೂ ಆಡದೆ ಮಂಚದ ಅರ್ಧ ಜಾಗ ಬಿಟ್ಟುಕೊಟ್ಟಳು.

ಅಕ್ಕನ ನಿವೃತ್ತಿಯ ವರ್ಷ ಒಸಡಿನ ಕಾಯಿಲೆಯಿಂದ ಅವಳ ಹಲ್ಲುಗಳೆಲ್ಲ ಸಡಿಲಗೊಂಡವು. ಎಲ್ಲವನ್ನೂ ಕೀಳಿಸಬೇಕಾಯಿತು. ಗಾಯ ಮಾಯುವಷ್ಟರಲ್ಲಿ ಶಾಲೆಯ ಬೀಳ್ಕೊಡುಗೆಯ ದಿನ ಹತ್ತಿರ ಬಂದಿತ್ತು. ಮೂವತ್ತೈದು ವರ್ಷ ಪಾಠ ಮಾಡಿದ ಬಾಯಿ ಕೊನೆಯ ದಿನ ತೊದಲಬಾರದು ಎಂಬುದೊಂದೇ ಅವಳ ಆಸೆ. ಅದನ್ನೂ ಅವಳು ಬಾಯಿಬಿಟ್ಟು ಹೇಳಲಿಲ್ಲ. ಕನ್ನಡಿಯ ಮುಂದೆ ಭಾಷಣ ಒಪ್ಪಿಸುವುದನ್ನು ತಂಗಿ ಕೇಳಿಸಿಕೊಂಡಿದ್ದಳು, ಅಷ್ಟೆ.

ಸೆಟ್ ಮಾಡಲು ಅದರ ಪುಡಿಗೆ ಘಾಟು ವಾಸನೆಯ ದ್ರವ ಕಲಸಿ, ಹಿಟ್ಟಿನ ಹದಕ್ಕೆ ಬಂದಾಗ ಅಚ್ಚಿಗೆ ತುಂಬಿ, ಬಿಸಿನೀರಿನಲ್ಲಿಟ್ಟು ಬೇಯಿಸಬೇಕು. ದಿನವಿಡೀ ಹದವಾದ ಬಿಸಿ, ಕೊನೆಗೊಂದು ಗಂಟೆ ಕುದಿ. ಆಮೇಲೆ ಒಂದು ದಿನ ನೀರಿನಲ್ಲಿ ನೆನೆಹಾಕಬೇಕು. ಅವಸರ ಮಾಡಿದರೆ ಒಂದಿಷ್ಟು ದ್ರವ ಗಟ್ಟಿಯಾಗದೆ ಒಳಗೇ ಉಳಿಯುತ್ತದೆ. ಹಾಕಿಕೊಂಡ ಮೇಲೆ ಅದು ಬಾಯೊಳಗೆ ಜಿನುಗುತ್ತದೆ. ಎಲ್ಲರ ಬಾಯಿಗೂ ಅದು ತೊಂದರೆ ಕೊಡುವುದಿಲ್ಲ, ಆದರೆ ಕೆಲವರಿಗೆ ಉರಿಯುತ್ತದೆ. ಇದು ಹಲ್ಲಮ್ಮನಿಗೆ ಗೊತ್ತಿರದ ವಿಷಯವೇನಲ್ಲ. ಗೊತ್ತಿದ್ದೇ ಅವಳು, ಬೀಳ್ಕೊಡುಗೆಗೆ ಒಂದೇ ದಿನ ಉಳಿದಿತ್ತೆಂದು, ಅಕ್ಕನ ಸೆಟ್ಟನ್ನು ನಲವತ್ತು ನಿಮಿಷ ಕುದಿಸಿ, ನಲ್ಲಿಯ ಕೆಳಗೆ ಹಿಡಿದು ಆರಿಸಿ, ಅಂದೇ ಮನೆಗೆ ತಂದಳು.

ಮರುದಿನ ಬೀಳ್ಕೊಡುಗೆಯಲ್ಲಿ ಅಕ್ಕ ಅರ್ಧ ಗಂಟೆ ಮಾತಾಡಿದಳು. ಒಂದಕ್ಷರವೂ ಜಾರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ಹಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಲ್ಲಿಂದಾಚೆಗೆ ಅಕ್ಕನ ಊಟ ಕಡಿಮೆಯಾಯಿತು. ನಾಲ್ಕು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ತಂಗಿ ಕೇಳಿದರೆ, ಹೊಸ ಚಪ್ಪಲಿ ಕಚ್ಚುವುದಿಲ್ಲವೇ, ಇದೂ ಹಾಗೇ, ಎಂದು ನಗಾಡಿ ಮಾತು ತೇಲಿಸುತ್ತಿದ್ದಳು. ಎಲ್ಲರಿಗೂ ಅದು ಸರಿ ಎನಿಸಿತು. ಹೊಸ ಹಲ್ಲು, ಒಗ್ಗಲು ಹೊತ್ತು ಬೇಕು. ಹೀಗೇ ಮೂರು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ಅಕ್ಕ ಸೆಟ್ ತೆಗೆದು ಬಾಯಿ ಮುಕ್ಕಳಿಸುತ್ತಿದ್ದಾಗ ಹಲ್ಲಮ್ಮ ಒಳಗೆ ಬಂದಳು. ಅಂಗುಳು ಕೆಂಪಾಗಿತ್ತು. ಸೆಟ್ ಕೂರುವಷ್ಟೇ ಜಾಗ, ಗೆರೆ ಎಳೆದ ಹಾಗೆ. ಹಲ್ಲಮ್ಮ ಸೆಟ್ಟನ್ನು ಕಿತ್ತುಕೊಂಡು ಸುತ್ತಿಗೆಯಿಂದ ಒಡೆದಳು. ಹೊಸದನ್ನು ದಿನವಿಡೀ ಪಕ್ಕದಲ್ಲೇ ಕುಳಿತು ಬೇಯಿಸಿದಳು, ಕೊನೆಗೆ ಒಂದು ಗಂಟೆ ಕುದಿಸಿದಳು. ಎರಡು ದಿನ ಬೆಚ್ಚಗಿನ ನೀರಿನಲ್ಲಿಟ್ಟು, ನೀರು ಬದಲಿಸುತ್ತಾ, ಮತ್ತೆ ಮತ್ತೆ ಮೂಸಿ ನೋಡಿದಳು.

ಹತ್ತು ದಿನದಲ್ಲಿ ಕೆಂಪು ಇಳಿಯಿತು. ಅಕ್ಕನ ತಟ್ಟೆ ಮಾತ್ರ ಖಾಲಿಯಾಗಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಗಡ್ಡೆ ಇದೆ ಎಂದರು, ಕೈಮೀರಿದೆ ಎಂದರು. ಊಟ ಸೇರದೆ ಎಷ್ಟು ದಿನವಾಯಿತೆಂದು ಡಾಕ್ಟರು ಕೇಳಿದಾಗ, ನಾಲ್ಕು ತಿಂಗಳಾಗುತ್ತಾ ಬಂತು, ಹಲ್ಲಿನ ದೆಸೆಯಿಂದ ಅಂದುಕೊಂಡೆ ಎಂದು ಅಕ್ಕ ಹೇಳಿದಳು. ಈ ಕಾಯಿಲೆ ಹಲ್ಲಿನ ಸೆಟ್ಟಿನಿಂದ ಬಂದದ್ದಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆದರೆ ಮೊದಲೇ ಬಂದಿದ್ದರೆ ಒಳ್ಳೆಯದಿತ್ತು ಎಂದೂ ಸೇರಿಸಿದರು. ಹಲ್ಲಮ್ಮನ ಕಿವಿಯಲ್ಲಿ ಉಳಿದದ್ದು ಆ ಕೊನೆಯ ಮಾತೊಂದೇ.

ವಾರ್ಡಿನಲ್ಲಿ ಅಕ್ಕನ ಕಾಲು ಒತ್ತುತ್ತಾ ಅವಳು ಕೇಳಿದಳು: "ಉರೀತಿದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?"

"ನೀನು ಅಷ್ಟು ಆಸೆಯಿಂದ ಮಾಡ್ಕೊಟ್ಟಿದ್ದೆ. ಹೆಂಗೆ ಹೇಳ್ಲಿ?"

ಹಲ್ಲಮ್ಮ ಇನ್ನೊಂದು ಕಾಲನ್ನು ಒತ್ತತೊಡಗಿದಳು. ಆಮೇಲೆ ಅಕ್ಕನೇ ಹೇಳಿದಳು: "ಅವಸರ ಮಾಡಿದ್ದು ನೀನು, ಬಾಯಿ ಮುಚ್ಕೊಂಡಿದ್ದು ನಾನು. ತಪ್ಪನ್ನ ಅರ್ಧರ್ಧ ಹಂಚ್ಕೊಳ್ಳೋಣ. ಪೂರ್ತಿ ನೀನೇ ಇಟ್ಕೋಬೇಡ."

ಹಲ್ಲಮ್ಮ ಹೂಂ ಎಂದಳು. ಅಕ್ಕನಿಗೆ ಅವಳು ಹೇಳಿದ ಸುಳ್ಳು ಅದೊಂದೇ.

ಆಸ್ಪತ್ರೆ ಸೇರಿದ ಏಳನೆಯ ವಾರ ಅಕ್ಕ ತೀರಿಕೊಂಡಳು. ನರ್ಸು ಬಟ್ಟೆಯ ಗಂಟನ್ನೂ, ಸ್ಟೀಲ್ ಲೋಟದಲ್ಲಿ ನೀರಿನೊಳಗಿದ್ದ ಸೆಟ್ಟನ್ನೂ ತಂದು ಕೈಗಿತ್ತಳು. ಹಲ್ಲಮ್ಮ ನೀರು ತುಳುಕದ ಹಾಗೆ ಆ ಲೋಟವನ್ನು ಹಿಡಿದುಕೊಂಡು ಮನೆಯವರೆಗೂ ನಡೆದೇ ಹೋದಳು.

ಹದಿಮೂರು ದಿನ ಬಿಟ್ಟು ಕೆಲಸಕ್ಕೆ ಬಂದಳು. ಅಂದಿನಿಂದ ಅವಳ ಕೋಣೆಯಿಂದ ಯಾವ ಸೆಟ್ಟೂ ಮೂರು ದಿನಕ್ಕೆ ಮೊದಲು ಹೊರಬರಲಿಲ್ಲ. ಇವತ್ತೇ ಬೇಕೆಂದು ಹಟ ಹಿಡಿದವರು ಬೇರೆ ಕಡೆಗೆ ಹೋದರು. ಅಂಥ ಒಬ್ಬರು ಬೈದು ಹೋದ ಮಧ್ಯಾಹ್ನ ದಂತವೈದ್ಯರು ಪರದೆ ಸರಿಸಿ ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಬೈಯಲು ಬಂದವರಲ್ಲ. ಅಕ್ಕನ ಕಾಯಿಲೆಗೂ ಸೆಟ್ಟಿಗೂ ಸಂಬಂಧವೇ ಇಲ್ಲವೆಂದು ಮೆತ್ತಗೆ ಅವರೂ ತಿಳಿಹೇಳಿದರು.

"ಗೊತ್ತು ಡಾಕ್ಟ್ರೇ," ಎಂದಳು ಅವಳು, ಉಜ್ಜುತ್ತಿದ್ದ ಸೆಟ್ಟಿನಿಂದ ಕಣ್ಣೆತ್ತದೆ. "ಅವಳು ಮೂರು ತಿಂಗಳು ನನ್ನೆದುರೇ ಕೂತು ಉರಿ ನುಂಗಿದ್ಲು. ಅದಕ್ಕೂ ನಂಗೂ ಸಂಬಂಧ ಇದೆಯಲ್ಲ."

ವೈದ್ಯರು ಎದ್ದು, ಪರದೆಯನ್ನು ಮೊದಲಿನಂತೆ ಎಳೆದು ಹೋದರು.