ಗಾಜು ಏರಿಸದ ಗಾದಿಲಿಂಗ

ನಮ್ಮೂರು ಮಾಗಳದ ಗಾದಿಲಿಂಗನಂಥ ಮೊಂಡನನ್ನು ನಾನು ಕಂಡಿಲ್ಲ. ದಿನಾ ನಸುಕಿಗೇ ಮಲ್ಲಿಗೆ ಮೊಗ್ಗಿನ ಬುಟ್ಟಿಗಳನ್ನು ವ್ಯಾನಿಗೆ ಹೇರಿಕೊಂಡು ಹಡಗಲಿಯ ಪೇಟೆಗೆ ಹೋಗುತ್ತಿದ್ದ. ನಾಲ್ಕು ಜನರನ್ನೂ ಹತ್ತಿಸಿಕೊಳ್ಳುತ್ತಿದ್ದ. ಆದರೆ ಎಂಥ ಚಳಿಯಿದ್ದರೂ ಕಿಟಕಿಯ ಗಾಜು ಮಾತ್ರ ಏರಿಸುತ್ತಿರಲಿಲ್ಲ. ಒಳಗೆ ಬಿಸಿಯಾದರೆ ಮೊಗ್ಗು ಅರಳಿಬಿಡುತ್ತವಂತೆ. ಹನ್ನೆರಡು ವರ್ಷ ಊರವರೆಲ್ಲ ನಡುಗುತ್ತ ಬೈದರು. ಬಂಡೆಗಲ್ಲಿಗೆ ನೀರು ಹೊಯ್ದಂತಾಯಿತು.

ತೊಂಬತ್ತೆಂಟರಲ್ಲಿ, ಶಿವರಾತ್ರಿಗೆ ನಾಲ್ಕು ದಿನ ಇರುವಾಗ, ಎರಡು ವರ್ಷದ ನನ್ನ ಮೊಮ್ಮಗ ಬಸವೇಶ ಕೋಳಿ ಕೂಗುವ ಹೊತ್ತಿಗೆ ಎದ್ದು ಕೆಮ್ಮತೊಡಗಿದ. ಕೆಮ್ಮೇ ಅದು? ನಾಯಿ ಬೊಗಳಿದ ಹಾಗಿತ್ತು. ಉಸಿರೆಳೆದರೆ ಗಂಟಲಲ್ಲಿ ಕರ್ರೆಂಬ ಸದ್ದು, ಪಕ್ಕೆ ಒಳಗೆ ಸೇದಿಕೊಳ್ಳುತ್ತಿತ್ತು. ಥಂಡಿ ಹೊಡೆದಿದೆ ಅಂದುಕೊಂಡು ನಾನು ಬಾಗಿಲು ಮುಚ್ಚಿ, ಕಂಬಳಿ ಸುತ್ತಿ, ಕೆಂಡದ ಮುಂದೆ ಹಿಡಿದು ಕೂತೆ. ಕೂಸು ಕಿರುಚಿಕೊಂಡಿತು, ಉಸಿರು ಇನ್ನೂ ಬಿಗಿಯಿತು. ಸೊಸೆ ಭಾಗ್ಯ ಕಂಬಳಿ ಕಿತ್ತೊಗೆದು, ಅವನನ್ನು ಎತ್ತಿಕೊಂಡು ಹೊರಗೆ ಓಡಿದಳು. ನಾನೂ ಹಿಂದೆ ಓಡಿದೆ. ರಸ್ತೆಯಲ್ಲಿ ಸಿಕ್ಕಿದ್ದು ಗಾದಿಲಿಂಗನ ವ್ಯಾನು. ಹತ್ತಿ ಕೂತೆವು.

“ಗಾಜು ಏರ್ಸೋ, ಕೂಸಿಗೆ ಗಾಳಿ ಬಡೀತೈತಿ,” ಎಂದೆ.

“ಏರಂಗಿಲ್ಲ ಯವ್ವ. ಗಾಜು ಏರ್ಸೋ ಹಿಡಿಕೀನ ಕಿತ್ತಾಕೀನಿ.”

ನನ್ನ ಬಾಯಿ ಸುಮ್ಮನಿರುವಂಥದ್ದೇ? “ಹೂವು ಹೆಚ್ಚಾತೇನಲೇ ನಿನಗ? ಕೂಸಿಗೆ ಏನಾರ ಆದ್ರ ನಿನ್ನ ಮನಿ ಮುಂದ ಬಂದು ಕುಂದ್ರತೀನಿ,” ಎಂದು ಅವನ ಏಳು ತಲೆಮಾರನ್ನೂ ಎಳೆದು ಬೈದೆ. ಅವನು ವ್ಯಾನು ಜೋರಾಗಿ ಓಡಿಸಿದ.

ಅರ್ಧ ದಾರಿಗೆ ಕೂಸಿನ ಅಳು ನಿಂತಿತು. ನನ್ನ ಜೀವ ಬಾಯಿಗೆ ಬಂತು. ಎದೆಯ ಮೇಲೆ ಕೈಯಿಟ್ಟು ನೋಡಿದರೆ ಉಸಿರಾಡುತ್ತಿದ್ದ. ಮೊದಲಿನ ಸದ್ದೂ ತಗ್ಗಿತ್ತು.

ಹಡಗಲಿಯ ಡಾಕ್ಟರಮ್ಮ ಅವನ ಬಾಯಿ ತೆಗೆಸಲಿಲ್ಲ, ಸೂಜಿ ಚುಚ್ಚಲಿಲ್ಲ. ತಾಯಿಯ ತೊಡೆಯ ಮೇಲೇ ಬಿಟ್ಟು, ಅಂಗಿ ಎತ್ತಿ ಎದೆ ನೋಡಿದರು. ಮಾತ್ರೆ ಪುಡಿ ಮಾಡಿ ಸಕ್ಕರೆ ನೀರಲ್ಲಿ ಕುಡಿಸಿದರು.

“ಇದಕ್ಕೆ ಕ್ರೂಪ್ ಅಂತಾರಮ್ಮ. ಉಸಿರಿನ ದಾರಿ ಊದಿಕೊಂಡಿದೆ. ಅಳಿಸಿದಷ್ಟೂ ಬಿಗಿಯುತ್ತೆ. ತಂಪು ಗಾಳಿಯಲ್ಲಿ ಬಂದಿದ್ದಕ್ಕೆ ಸ್ವಲ್ಪ ಸಡಿಲಾಗಿದೆ, ಒಳ್ಳೇದಾಯ್ತು. ಆದ್ರೆ ಔಷಧಿ ಬೇಕೇ ಬೇಕಿತ್ತು. ಮಧ್ಯಾಹ್ನದವರೆಗೂ ಇಲ್ಲೇ ಇರಿ, ನೋಡ್ತೀನಿ.”

ಮಧ್ಯಾಹ್ನಕ್ಕೆ ಬಸವೇಶ ಮಂಡಕ್ಕಿ ಕೇಳಿದ. ಹೋದ ಜೀವ ಬಂದಂತಾಯಿತು. ಹೊರಗೆ ಬಂದರೆ, ಹೂವು ಇಳಿಸಿ ಬಂದ ಗಾದಿಲಿಂಗ ಬೇವಿನ ಮರದಡಿ ಕೂತಿದ್ದ. ಡಾಕ್ಟರಮ್ಮ ಅಂದದ್ದನ್ನೆಲ್ಲ ಹೇಳಿದೆ. ಯಾರಿಗೂ ತಪ್ಪಾಯಿತು ಅನ್ನದ ಹೆಂಗಸು ನಾನು, ಅವತ್ತು ಅಂದೆ.

“ತಪ್ಪಾತೋ ಯಪ್ಪಾ. ನಿನ್ನ ಮೊಂಡತನಾನ ಕೂಸಿನ್ನ ಕಾದೈತಿ.”

ಅವನು ಬಸವೇಶನ ಪಾದ ಮುಟ್ಟಿ ನೋಡಿದ. ಕಣ್ಣು ತುಂಬಿದ್ದವು.

“ಕೂಸಿನ ಸದ್ದು ಕೇಳಿ ನಂಗೂ ಎದಿ ಒಡದಿತ್ತು ಯವ್ವ. ಹಿಡಿಕಿ ಇದ್ದಿದ್ರ ಇವತ್ತು ಗಾಜು ಏರಿಸಿಬಿಡ್ತಿದ್ದೆ.”