ಇಬ್ಬರು ನಿಂತರೆ ತೆರೆಯುವ ಬಾಗಿಲು

ನಲವತ್ತು ದಾಟಿದ, ತಲೆಯಲ್ಲಿ ಕೂದಲಿಗಿಂತ ಹಣೆಯೇ ಹೆಚ್ಚಾಗಿರುವ ಗಂಡಸೊಬ್ಬ ತಾನು ವಿಡಿಯೋ ಗೇಮ್ ಆಡುತ್ತೇನೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ಸುಲಭವಲ್ಲ. ಕುಡಿಯುತ್ತೇನೆ ಎಂದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ಇಸ್ಪೀಟು ಎಂದರೆ ಪಕ್ಕದಲ್ಲಿ ಜಾಗ ಮಾಡಿ ಕೂರಿಸಿಕೊಳ್ಳುತ್ತಾರೆ. ವಿಡಿಯೋ ಗೇಮ್ ಎಂದರೆ ಮಾತ್ರ, 'ಮಕ್ಕಳು ಆಡ್ತಾರಲ್ಲ, ಅದಾ?' ಎಂದು ಕೇಳಿ, ನನ್ನ ಹೆಂಡತಿಯ ಕಡೆ ತಿರುಗಿ ಅಯ್ಯೋ ಪಾಪ ಎನ್ನುವ ಹಾಗೆ ನೋಡುತ್ತಾರೆ. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್. ಟೀ ಹೊತ್ತಿನಲ್ಲಿ ಜೊತೆಯವರು ಸೈಟು, ಮಕ್ಕಳ ಮಾರ್ಕ್ಸು, ಮೊಣಕಾಲು ನೋವು ಎಂದು ಮಾತಾಡುತ್ತಿದ್ದರೆ ನಾನು ಬಾಯಿಗೆ ಬನ್ನು ತುರುಕಿಕೊಂಡು ಸುಮ್ಮನಿರುತ್ತೇನೆ. ಹಿಂದಿನ ಸಂಜೆ ಒಂದು ಮುರುಕಲು ಸೇತುವೆಯ ಮೇಲೆ ಒಬ್ಬ ರಾಕ್ಷಸನ ಕೈಲಿ ಮತ್ತೆ ಮತ್ತೆ ಸತ್ತೆ ಎನ್ನುವ ಸಂಕಟವನ್ನು ಯಾರಲ್ಲಿ ಹೇಳಿಕೊಳ್ಳಲಿ?

ಮನೆಯಲ್ಲಿ ಹೆಂಡತಿ ಸುಧಾಳದು ಒಂದೇ ಮಾತು. 'ಇಲ್ಲಿ ಸಿಲಿಂಡರ್ ಎತ್ತಿಡಿ ಅಂದ್ರೆ ಸೊಂಟ ಹಿಡ್ಕೊಳತ್ತೆ. ಅಲ್ಲಿ ಯಾರ್ದೋ ಮನೆ ರಾಜಕುಮಾರೀನ ಬಿಡಿಸ್ಕೊಂಡ್ ಬರಕ್ಕೆ ಕೋಟೆ ಹತ್ತುತಾರೆ.' ನ್ಯಾಯವಾದ ಮಾತು.

ಈ ಆಟಗಳ ಬಗ್ಗೆ ನನಗೆ ಕೆಲವು ಅಭಿಪ್ರಾಯಗಳಿವೆ. ಕೇಳುವವರು ಇಲ್ಲದೆ ಅವು ಒಳಗೇ ಗಟ್ಟಿಯಾಗಿವೆ. ಚಿತ್ರ ಚೆನ್ನಾಗಿದೆ ಎಂದ ಮಾತ್ರಕ್ಕೆ ಆಟ ಚೆನ್ನಾಗಿರಬೇಕಾಗಿಲ್ಲ. ಮದುವೆ ಮನೆಯಲ್ಲಿ ಊಟದ ಹಾಲಿಗೆಲ್ಲ ಹೂವು ಕಟ್ಟಿ ಸಾರಿಗೆ ಉಪ್ಪು ಮರೆತವರನ್ನು ನಾನು ಕಂಡಿದ್ದೇನೆ. ಹೆಜ್ಜೆ ಹೆಜ್ಜೆಗೂ ಬಾಣ ಹಾಕಿ 'ಹೀಗೆ ಹೋಗು' ಎಂದು ಹೇಳುವ ಆಟ ನನಗೆ ಸೇರದು. ಗೆಲ್ಲಲಾಗದೆ ಹೋದಾಗ, ಬೇರೆಯವರು ಹೇಗೆ ಗೆದ್ದರು ಎಂದು ಫೋನಿನಲ್ಲಿ ವಿಡಿಯೋ ನೋಡುವವರನ್ನಂತೂ ನಾನು ಆಟಗಾರರ ಲೆಕ್ಕಕ್ಕೇ ಸೇರಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಅಭಿಪ್ರಾಯ ನಿಲ್ಲಿಸುವ ಗುಂಡಿಯ ಬಗ್ಗೆ: ಅದಿಲ್ಲದ ಆಟವನ್ನು ಮನೆಯೊಳಗೆ ತರಬಾರದು. ಇಂಟರ್ನೆಟ್ಟಿನಲ್ಲಿ ಗುಂಪು ಕಟ್ಟಿಕೊಂಡು ಆಡುವ ಆಟಗಳನ್ನು ನಡುವೆ ನಿಲ್ಲಿಸಲು ಬರುವುದಿಲ್ಲ. ಅನ್ನ ಆರುತ್ತಿದೆ ಬಾರೋ ಎಂದು ತಾಯಿ ಕರೆಯುವುದು, ನಿಲ್ಲಿಸೋಕಾಗಲ್ಲಮ್ಮ ಎಂದು ಮಗ ಕೂಗುವುದು, ಅದೇನು ರೈಲಾ ನಿಲ್ಲಿಸೋಕಾಗದೇ ಇರೋಕೆ ಎಂದು ಅವಳು ಬಂದು ಸ್ವಿಚ್ಚನ್ನೇ ಆರಿಸುವುದು, ಇದು ಈಗ ಎಲ್ಲ ಮನೆಗಳಲ್ಲೂ ನಡೆಯುವ ಯುದ್ಧ.

ನಿಲ್ಲಿಸಲಾಗದ್ದು ಎಂಬುದೊಂದು ಲೋಕದಲ್ಲಿ ಇದೆ ಎಂದು ಹೇಳಿಕೊಡದೆಯೇ ತಿಳಿದಿದ್ದ ಒಬ್ಬಳೇ ಹೆಂಗಸು ನನ್ನ ಅಕ್ಕ, ರತ್ನಕ್ಕ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ಅವಳೂ ಭಾವನೂ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ದೊಡ್ಡದಾಗಿ ಹಗಲೂ ರಾತ್ರಿ ಸೊಪ್ಪು ಮೇಯುವ ಕಾಲದಲ್ಲಿ ಆ ಮನೆಯವರು ಮದುವೆಗೂ ಬರುವುದಿಲ್ಲ, ನಾಮಕರಣಕ್ಕೂ ಬರುವುದಿಲ್ಲ. ಕರೆದವರೂ ಬೇಜಾರು ಮಾಡಿಕೊಳ್ಳುವುದಿಲ್ಲ, 'ಹುಳು ಎದ್ದವೆ' ಎಂದರೆ ಮುಗಿಯಿತು. ಗೂಡು ಕಟ್ಟಿಸಿ, ಬಿಡಿಸಿ, ಮಾರುಕಟ್ಟೆಗೆ ಹಾಕಿ, ಹುಳುಮನೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು ಒಣಗಲು ಬಿಟ್ಟರೆ, ಮುಂದಿನ ಬೆಳೆಯವರೆಗೆ ಕೆಲವು ದಿನ ಬಿಡುವು. ಆ ಬಿಡುವಿನಲ್ಲಿ ಅಕ್ಕ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿಕೊಂಡು, ಮಂಚೇನಹಳ್ಳಿ ಮೇಲಿಂದ, ಗೌರಿಬಿದನೂರಿನ ನಮ್ಮ ಮನೆಗೆ ಬರುತ್ತಿದ್ದಳು.

ಹಾಗೆ ಬಂದಿದ್ದಾಗ ಒಂದು ಮಧ್ಯಾಹ್ನ ಸುಧಾಳ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಟಿವಿಯಲ್ಲಿ ಹೊಸ ಆಟವೊಂದನ್ನು ಹಾಕಿದ್ದೆ. ಇಬ್ಬರು ದಾರಿಹೋಕರು ಬೆಟ್ಟ ದಾಟಿಕೊಂಡು ಹೋಗುವ ಆಟ. ಒಬ್ಬ ನೀಲಿ ಟೋಪಿಯವನು, ಇನ್ನೊಬ್ಬಳು ಕೆಂಪು ಶಾಲಿನವಳು. ಇಬ್ಬರು ಕೂತು ಆಡಬೇಕಾದದ್ದು. ನನಗೆ ಜೊತೆ ಯಾರು? ಟೋಪಿಯವನನ್ನು ಒಬ್ಬನನ್ನೇ ಅಲ್ಲಿ ಇಲ್ಲಿ ಓಡಾಡಿಸುತ್ತಿದ್ದೆ.

'ಅವಳ್ಯಾಕೋ ಸುಮ್ನೆ ನಿಂತವ್ಳೆ?' ಎಂದಳು ಅಕ್ಕ.

'ಅವಳನ್ನ ಆಡ್ಸೋರಿಲ್ಲಕ್ಕ.'

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. 'ಕೊಡಿಲ್ಲಿ.'

ಅಲ್ಲಿಂದ ಶುರುವಾಯಿತು. ಜೀವಮಾನವೆಲ್ಲ ಹುಳು ಮುಟ್ಟಿದ ಬೆರಳುಗಳು ಅವು. ನನ್ನ ಹಾಗೆ ಆಟದ ರಿಮೋಟಿನ ಗುಂಡಿಗಳನ್ನು ಕುಟ್ಟುತ್ತಿರಲಿಲ್ಲ, ಮುಟ್ಟುತ್ತಿದ್ದವು. ಕೆಂಪು ಶಾಲಿನವಳು ಹಳ್ಳ ಹಾರಿದರೆ ಅಕ್ಕ ಕೂತಲ್ಲೇ ಹಾರುತ್ತಿದ್ದಳು, ಬಿದ್ದರೆ 'ಅಯ್ಯೋ ನನ್ ಮಗ್ಳೇ' ಎನ್ನುತ್ತಿದ್ದಳು. ಎಲ್ಲೋ ಸಿಕ್ಕಿಕೊಂಡಾಗ ನಾನು ಕದ್ದು ಫೋನ್ ತೆಗೆದರೆ, 'ಬೇರೆಯೋರು ಉಂಡಿದ್ ನೋಡಿದ್ರೆ ನಿನ್ ಹೊಟ್ಟೆ ತುಂಬ್ತದೇನೋ? ಮಡಗು ಅದುನ್ನ' ಎಂದು ಗದರುತ್ತಿದ್ದಳು. ಮೇಲೆ ನಾನು ಕೊಚ್ಚಿಕೊಂಡ ಅಭಿಪ್ರಾಯಗಳಲ್ಲಿ ನನ್ನದು ಎಷ್ಟು, ಅವಳದು ಎಷ್ಟು ಎಂದು ನನಗೇ ಗೊತ್ತಿಲ್ಲ.

ಆ ಆಟದಲ್ಲಿ ಅಲ್ಲಲ್ಲಿ ಕಲ್ಲಿನ ಬಾಗಿಲುಗಳಿವೆ. ಪ್ರತಿ ಬಾಗಿಲ ಮುಂದೆ ಎರಡು ಚಪ್ಪಡಿ. ಇಬ್ಬರೂ ತಮ್ಮ ತಮ್ಮ ಚಪ್ಪಡಿಯ ಮೇಲೆ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ದಾಟಿದ ಮೇಲೆ ಮುಚ್ಚಿಕೊಳ್ಳುತ್ತದೆ, ಮತ್ತೆ ಹಿಂದಕ್ಕೆ ಬರುವಂತಿಲ್ಲ. ಯಾವಾಗಲೂ ಅಕ್ಕನೇ ಮೊದಲು ತಲುಪುತ್ತಿದ್ದಳು. ನಾನು ನೀರಿಗೆ ಬಿದ್ದು, ಎದ್ದು, ಮತ್ತೆ ಬಿದ್ದು ಬರುವವರೆಗೂ ಚಪ್ಪಡಿಯ ಮೇಲೆ ನಿಂತು ಕಾಯುತ್ತಿದ್ದಳು. ಬೇಜಾರಾಗಲ್ವೇನಕ್ಕ ಎಂದರೆ, ಕಡೇ ಹುಳ ಏಳೋವರ್ಗೂ ಕಾಯೋದು ನಂಗೇನು ಹೊಸದಾ ಎನ್ನುತ್ತಿದ್ದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಕಾಯಿಲೆಯಲ್ಲ, ಬೆಳೆಯುವ ರೀತಿ. ಜ್ವರಕ್ಕೆ ಕೂತ ಹುಳವನ್ನು ಮುಟ್ಟುವಂತಿಲ್ಲ. ಮೊದಲು ಎದ್ದವು ಹಸಿದು ತಲೆ ಆಡಿಸುತ್ತಿದ್ದರೂ, ಹಿಂದೆ ಬಿದ್ದವು ಏಳುವವರೆಗೆ ಸೊಪ್ಪು ಹಾಕುವುದಿಲ್ಲ. ಹಾಕಿದರೆ ಕೆಲವು ಮುಂದೆ ಹೋಗಿ ಕೆಲವು ಹಿಂದುಳಿದು ಬೆಳೆಯೇ ಕೆಡುತ್ತದೆ. ಆದರೆ ಕೆಲವು ಹುಳು ಏಳುವುದೇ ಇಲ್ಲ. ಅಕ್ಕ ಕಾಯುವಷ್ಟು ಕಾದು, ಅವನ್ನು ಆರಿಸಿ ತೆಗೆದು, ಉಳಿದವಕ್ಕೆ ಸೊಪ್ಪು ಹಾಕುತ್ತಿದ್ದಳು. ಆರಿಸುವಾಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ಆಟ ನಿಲ್ಲಿಸುವುದಕ್ಕೆ ಜ್ವರಕ್ಕೆ ಕೂರಿಸುವುದು ಎಂದೇ ಹೆಸರಾಯಿತು. ನಿಲ್ಲಿಸಿದರೆ ಆ ಬೊಂಬೆಗಳೂ ತಲೆ ಎತ್ತಿಕೊಂಡು ನಿಲ್ಲುತ್ತವೆ. ಕಡೆಯ ಸಲ ಅಕ್ಕ ಬಂದಿದ್ದಾಗ ಒಂದು ದೊಡ್ಡ ಬಾಗಿಲ ಹತ್ತಿರ ಬಂದಿದ್ದೆವು. ಅವಳು ಆಗಲೇ ಚಪ್ಪಡಿಯ ಮೇಲಿದ್ದಳು, ನಾನು ಎಂದಿನಂತೆ ನೀರಿನಲ್ಲಿದ್ದೆ. ಬಸ್ಸಿನ ಹೊತ್ತಾಯಿತು. ಮರುದಿನ ಚಾಕಿ, ಅಂದರೆ ಮರಿಹುಳುಗಳು, ಮನೆಗೆ ಬರುವುದಿತ್ತು.

'ಜ್ವರಕ್ಕೆ ಕೂರ್ಸಪ್ಪ. ಈ ಬೆಳೆ ಆಗ್ಲಿ, ಬಂದು ತೆಗೆಯಣ' ಎಂದು ಚೀಲ ಎತ್ತಿಕೊಂಡಳು. 'ನಾನ್ ಬರೋದ್ರೊಳಗೆ ಈಜಾದ್ರೂ ಕಲ್ತ್ಕೊ.'

ಆ ಬೆಳೆ ಆಗುವುದರೊಳಗೆ ಅಕ್ಕ ಹೋದಳು. ಬೆಳಿಗ್ಗೆ ಸೊಪ್ಪು ಹಾಕುತ್ತಿದ್ದವಳು ಎದೆ ಹಿಡಿದುಕೊಂಡು ಹುಳುಮನೆಯ ಹೊಸಿಲಲ್ಲಿ ಕೂತಳಂತೆ; ಆಸ್ಪತ್ರೆಯ ಬಾಗಿಲು ಕಾಣಲಿಲ್ಲ. ನಾವು ಹೋಗಿ ಮುಟ್ಟಿದಾಗ ಅಂಗಳದಲ್ಲಿ ಅವಳನ್ನು ಮಲಗಿಸಿದ್ದರು. ಹಿಂದೆ ಹುಳುಮನೆಯಿಂದ ಸಣ್ಣ ಮಳೆ ಬೀಳುವ ಹಾಗೆ ಸದ್ದು ಬರುತ್ತಿತ್ತು. ಹುಳು ಮೇಯುವ ಸದ್ದು. ನಾಲ್ಕನೇ ಜ್ವರ ಎದ್ದು ಹಸಿದಿದ್ದ ಅವುಗಳಿಗೆ ಅಕ್ಕಪಕ್ಕದವರು ಸೊಪ್ಪು ಹಾಕುತ್ತಿದ್ದರು. ಮಣ್ಣು ಮುಗಿಸಿ ಬಂದ ಭಾವ ತಲೆಗೆ ನೀರು ಹಾಕಿಕೊಂಡು ನೇರ ಹುಳುಮನೆಗೆ ನಡೆದರು. ಅವರಿಗೆ ಅಳುವುದಕ್ಕೂ ಬಿಡುವಿರಲಿಲ್ಲ. ನನಗೆ ಆ ಹುಳುಗಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೆಳೆ ಚೆನ್ನಾಗಿ ಬಂತು. ಬೆಳ್ಳಗೆ, ಗಟ್ಟಿಯಾಗಿ, ಅಕ್ಕ ನೋಡಿದ್ದರೆ ಊರೆಲ್ಲ ಕರೆದು ತೋರಿಸುವಂಥ ಗೂಡು. ಅದನ್ನು ಮಾರಿ ಬಂದ ಮೇಲೆ ಭಾವ ಹುಳುಮನೆಗೆ ಬೀಗ ಹಾಕಿದರು.

ಆಮೇಲೆ ಒಂದು ಭಾನುವಾರ ನಮ್ಮ ಮನೆಗೆ ಬಂದರು. ಭಾವ ಮೊದಲೇ ಮಾತು ಕಡಿಮೆಯ ಮನುಷ್ಯ. ಆಡುವ ನಾಲ್ಕು ಮಾತಿನಲ್ಲಿ ಎರಡು ತೆಲುಗು. ಅಕ್ಕನ ಆಟದ ಹುಚ್ಚನ್ನು ಕಂಡು 'ಮುದುಕಿಗೆ ಮರುಳು' ಎಂದು ನಗುತ್ತಿದ್ದವರೇ ಹೊರತು ಒಂದು ದಿನವೂ ಟಿವಿಯ ಮುಂದೆ ಕೂತವರಲ್ಲ. ಅಂದು ಕಾಫಿ ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ ಕೇಳಿದರು.

'ಅವಳು ಅಲ್ಲೇ ಅವ್ಳಾ?'

ಆಟವನ್ನು ಎಲ್ಲಿ ನಿಲ್ಲಿಸಿದ್ದೇವೆಂದು ಅಕ್ಕ ಮನೆಗೆ ಹೋಗಿ ಹೇಳಿದ್ದಿರಬೇಕು. ಎದ್ದು ಆಟ ಹಾಕಿ, ಜ್ವರದಿಂದ ಎಬ್ಬಿಸಿದೆ. ಕೆಂಪು ಶಾಲಿನವಳು ಬಾಗಿಲ ಮುಂದೆ, ತನ್ನ ಚಪ್ಪಡಿಯ ಮೇಲೆ ನಿಂತಿದ್ದಳು. ಯಾರೂ ಏನೂ ಒತ್ತದಿದ್ದರೆ ಅವಳು ಆಗಾಗ ಶಾಲು ಸರಿಮಾಡಿಕೊಳ್ಳುತ್ತಾಳೆ, ಹಿಂದೆ ತಿರುಗಿ ನೋಡುತ್ತಾಳೆ, ಮತ್ತೆ ಬಾಗಿಲ ಕಡೆ ಮುಖ ಮಾಡುತ್ತಾಳೆ. ಭಾವ ಕೈ ಕಟ್ಟಿಕೊಂಡು ಅದನ್ನೇ ನೋಡುತ್ತಾ ಕೂತರು. ಆಮೇಲೆ 'ಸರೇ, ಬರ್ತೀನಿ' ಎಂದು ಹೊರಟರು. ಮುಂದಿನ ಭಾನುವಾರವೂ ಬಂದರು. ಅದರ ಮುಂದಿನದಕ್ಕೂ. ಕಾಫಿ ಕುಡಿಯುವುದು, ನೋಡುವುದು, ಹೋಗುವುದು. ಅಷ್ಟೇ.

ಮೊದಮೊದಲು ನನಗೆ ಇದು ಸಮಾಧಾನವೇ ಆಗಿತ್ತು. ಆಮೇಲೆ ಹೆದರಿಕೆಯಾಯಿತು. ಭಾವನ ಅಂಗಿ ಹೆಗಲಿಂದ ಜಾರುವಷ್ಟು ಸಡಿಲವಾಗುತ್ತಿತ್ತು. ತೋಟದ ಸೊಪ್ಪು ಬಲಿತು ಹಳದಿಯಾಗಿ ಉದುರುತ್ತಿದೆ, ಯಾರಿಗೂ ಕೊಯ್ಯಲು ಬಿಡುತ್ತಿಲ್ಲ ಎಂದು ಊರಿನವರು ಫೋನ್ ಮಾಡಿ ಹೇಳಿದರು. 'ಅವರು ಊಟ ಬಿಟ್ಟವ್ರೆ ಕಣ್ರೀ. ಹಿಂಗೇ ಆದ್ರೆ ಅವರೂ ಉಳಿಯಲ್ಲ' ಎಂದಳು ಸುಧಾ. ನಾನು ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಅಕ್ಕ ತನ್ನ ಚಪ್ಪಡಿಯ ಮೇಲೆ ನಿಂತಾಗಿದೆ. ಬಾಕಿ ಇರುವವನು ನಾನು. ನೀಲಿ ಟೋಪಿಯವನನ್ನು ನೀರಿನಿಂದ ಎತ್ತಿ ನಾಲ್ಕು ಹೆಜ್ಜೆ ನಡೆಸಿದರೆ ಬಾಗಿಲು ತೆರೆಯುತ್ತದೆ. ಆದರೆ ತೆರೆದರೆ, ಅಕ್ಕ ನಿಂತ ಜಾಗದಲ್ಲಿ ಅಕ್ಕ ಇರುವುದಿಲ್ಲ. ಅವಳೇ ತನ್ನ ಕೈಯಾರೆ ನಿಲ್ಲಿಸಿದ್ದು ಅದೊಂದೇ ಉಳಿದಿತ್ತು. ಭಾವನಿಗೆ ಅದೊಂದು ಇಲ್ಲವಾದರೆ ಏನು ಗತಿ ಎಂದು ಅವರ ನೆವ ಹೇಳಿಕೊಂಡೆ; ನನಗೂ ಅದು ಬೇಕಾಗಿತ್ತು.

ಆಟಗಳನ್ನು ಕಂಡುಹಿಡಿದವರು ಸಾವನ್ನು ಕಂಡು ತುಂಬ ಹೆದರಿದ್ದವರು ಇರಬೇಕು. ಚೌಕಾಬಾರದಲ್ಲಿ ಹೊಡೆಸಿಕೊಂಡ ಕಾಯಿ ಮನೆಗೆ ಹೋಗಿ ಮತ್ತೆ ಹೊರಡುತ್ತದೆ. ಕಬಡ್ಡಿಯಲ್ಲಿ ಹೊರಗೆ ಕೂತವನನ್ನು, ತನ್ನ ಕಡೆಯವರು ಒಬ್ಬ ಎದುರಾಳಿಯನ್ನು ಹಿಡಿದರೆ ಸಾಕು, ಒಳಗೆ ಕರೆಯುತ್ತಾರೆ. ನನ್ನ ಟಿವಿಯಲ್ಲಂತೂ ಕೇಳುವುದೇ ಬೇಡ, ಸತ್ತವನು ಎದ್ದು ಮೈ ಕೊಡವಿಕೊಳ್ಳುವುದೇ ಕೆಲಸ. ಇಷ್ಟು ಆಟ ಆಡಿ ನನಗೆ ಸಾವು ಅಭ್ಯಾಸವಾಗಿದೆ ಎಂದುಕೊಂಡಿದ್ದೆ. ನನಗೆ ಅಭ್ಯಾಸವಾಗಿದ್ದು ಮತ್ತೆ ಏಳುವುದು.

ಕಳೆದ ಭಾನುವಾರ ಭಾವ ಬಂದಾಗ ಬಿಸಿಲು ಜೋರಾಗಿತ್ತು. ಎಂದಿನಂತೆ ಆಟ ಹಾಕಿದೆ. ಎಂದಿನಂತೆ ಅವಳು ಶಾಲು ಸರಿಮಾಡಿಕೊಂಡು ಹಿಂದೆ ತಿರುಗಿ ನೋಡಿದಳು. ಭಾವ ಇದ್ದಕ್ಕಿದ್ದಂತೆ ಕೇಳಿದರು.

'ಸೀನಾ, ಅವಳು ಯಾರ್ನ ನೋಡ್ತಾವ್ಳೆ?'

'ನನ್ನೇ ಭಾವ. ನಾನಿನ್ನೂ ಬಂದಿಲ್ಲ. ಬಂದು ಪಕ್ಕದಲ್ಲಿ ನಿಂತ್ರೆ ಬಾಗ್ಲು ತೆಗೀತದೆ. ಆದ್ರೆ ಆಮೇಲೆ ಇಲ್ಲಿಗೆ ವಾಪಸ್ ಬರಕ್ಕಾಗಲ್ಲ.'

ಭಾವ ಟಿವಿಯ ಕಡೆಗೆ ಇನ್ನಷ್ಟು ಸರಿದು ಕೂತರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಒರೆಸಿಕೊಳ್ಳಲೂ ಇಲ್ಲ.

'ಇಷ್ಟು ದಿನದಿಂದ ನಿಲ್ಸಿದೀವಲ್ಲೋ ಅವಳನ್ನ' ಎಂದರು. 'ಕಾಲು ನೋಯಕಿಲ್ವೇನೋ? ಹೋಗಪ್ಪ. ಹೋಗಿ ನಿಂತ್ಕೊ.'

ನಾನು ನೀಲಿ ಟೋಪಿಯವನನ್ನು ನೀರಿನಿಂದ ಎತ್ತಿದೆ. ಎರಡು ಸಲ ಮತ್ತೆ ಬಿದ್ದೆ. ಕಡೆಗೆ ಚಪ್ಪಡಿಯ ಮೇಲೆ, ಅಕ್ಕನ ಪಕ್ಕದಲ್ಲಿ ನಿಂತೆ. ಬಾಗಿಲು ನಿಧಾನವಾಗಿ ತೆರೆಯಿತು. ನಾನು ದಾಟಿದೆ. ಅವಳು ಅಲ್ಲೇ ಉಳಿದಳು. ಯಾರಾದರೂ ನಡೆಸದೆ ಅವಳು ಹೇಗೆ ಬಂದಾಳು?

ಭಾವ ಪಂಚೆಗೆ ಕೈ ಒರೆಸಿಕೊಂಡರು. 'ಕೊಡಿಲ್ಲಿ.'

ಭಾವನ ಕೈಲಿ ಅಕ್ಕ ಮೊದಲು ಗೋಡೆಗೆ ಡಿಕ್ಕಿ ಹೊಡೆದಳು. ಆಮೇಲೆ ಸುತ್ತಿ ಸುತ್ತಿ ಕುಣಿದಳು. ನೀರಿಗೂ ಬಿದ್ದಳು, ಅಕ್ಕ ಎಂದೂ ಬೀಳದ ನೀರಿಗೆ. 'ಅಯ್ಯಯ್ಯೋ, ಬೈತಾಳೆ ಕಣೋ' ಎಂದರು ಭಾವ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಧಾ ನಗುತ್ತಾ ಅಳುತ್ತಾ ಎಡಕ್ಕೆ, ಎಡಕ್ಕೆ ಎಂದು ಕೂಗುತ್ತಿದ್ದಳು. ಅಂತೂ ಕೆಂಪು ಶಾಲು ಹೊಸಿಲು ದಾಟಿತು. ಹಿಂದೆ ಬಾಗಿಲು ಮುಚ್ಚಿತು. ಇಷ್ಟು ದೊಡ್ಡ ಬಾಗಿಲಾಚೆ ಏನಿದೆ ಎಂದುಕೊಂಡಿರಿ? ಇನ್ನೊಂದು ಬೆಟ್ಟ. ಅದರ ತುದಿಯಲ್ಲಿ ಇನ್ನೊಂದು ಬಾಗಿಲು.

'ಥೂ ಇದರ' ಎಂದರು ಭಾವ. ಅಂದು ನಮ್ಮ ಮನೆಯಲ್ಲಿ ಮುದ್ದೆ ಉಂಡರು. ಸಾರು ಇನ್ನೊಂದು ಸಲ ಹಾಕಿಸಿಕೊಂಡರು.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, 'ನಾಳೆ ಹುಳುಮನೆ ತೊಳೀಬೇಕು. ಚಾಕಿಗೆ ಹೇಳ್ತೀನಿ. ಇನ್ನು ಬೆಳೆ ಆಗೋವರ್ಗೂ ಈ ಕಡೆ ಬರಕ್ಕಾಗಲ್ಲ' ಎಂದರು. ಮೆಟ್ಟಿಲಿಳಿದವರು ತಿರುಗಿ ನಿಂತು, ಟಿವಿಯ ಕಡೆ ಬೆರಳು ತೋರಿಸಿ ನನ್ನನ್ನು ಗದರಿದರು.

'ಜ್ವರಕ್ಕೆ ಕೂರ್ಸಿರು ಅದುನ್ನ. ನಾನ್ ಬರೋವರ್ಗೂ ಒಬ್ನೇ ಮುಂದಕ್ಕೋಗ್ಬೇಡ, ಹುಷಾರು!'

ಒಳಗೆ ಬಂದು ಗುಂಡಿ ಒತ್ತಿದೆ. ಬೆಟ್ಟದ ಬುಡದಲ್ಲಿ ಇಬ್ಬರೂ ತಲೆ ಎತ್ತಿಕೊಂಡು ನಿಂತರು.